ಸೇವಾ ಪುಸ್ತಕದಲ್ಲಿ ನಿಮ್ಮ ಹೆಸರಿದೆಯೇ?

ಸೋದರಿ, ನಿಮ್ಮ ಅಡುಗೆಮನೆಯ ಯಾವ ಡಬ್ಬಿಯಲ್ಲಿ ಎಷ್ಟು ತೊಗರಿಬೇಳೆ ಇದೆ, ಸಾರಿನ ಪುಡಿ ಇನ್ನೆಷ್ಟು ದಿನಕ್ಕೆ ಬಂದೀತು ಎಂದು ಕೇಳಿದರೆ ನೀವು ಡಬ್ಬಿ ತೆರೆಯದೆಯೇ ಹೇಳಿಬಿಡುತ್ತೀರಿ. ಆದರೆ ನಿಮ್ಮ ಯಜಮಾನರ ಭವಿಷ್ಯನಿಧಿಗೆ ನಾಮನಿರ್ದೇಶನ ಯಾರ ಹೆಸರಿನಲ್ಲಿದೆ ಎಂದು ಕೇಳಿದರೆ? ಅಥವಾ, ನೀವೇ ಕೆಲಸಕ್ಕೆ ಹೋಗುವವರಾದರೆ, ನಿಮ್ಮ ಲೆಕ್ಕದಲ್ಲಿ ಎಷ್ಟು ದಿನದ ಗಳಿಕೆ ರಜೆ ಕೂಡಿದೆ ಎಂದು ಕೇಳಿದರೆ? "ಅಯ್ಯೋ, ಅದೆಲ್ಲಾ ಆಫೀಸಿನವರು ನೋಡ್ಕೋತಾರೆ" ಎನ್ನುತ್ತೀರಿ, ಅಲ್ಲವೇ?

ಈ ಸಲ ಆ "ಆಫೀಸಿನವರು ನೋಡ್ಕೋತಾರೆ" ಎಂಬ ಮಾತಿನ ಬಗ್ಗೆಯೇ ಸ್ವಲ್ಪ ಮಾತಾಡೋಣ.

ಕಾವಲಿನ ನಡುವೆ ಒಂದು ವಿದ್ಯಾಸಂಸ್ಥೆ

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನಲ್ಲಿ, ನಾಯಕನಹಟ್ಟಿಯ ಸಮೀಪ, ಕುದಾಪುರ ಎಂಬ ಊರಿದೆ. ಶೇಂಗಾ, ಕುರಿ, ಕಂಬಳಿಗಳ ಸೀಮೆ. ಆ ಕಡೆ ಮೊಳಕಾಲ್ಮೂರಿಗೆ ಹೋದರೆ ರೇಷ್ಮೆ ಸೀರೆಯ ಮಗ್ಗಗಳು. ಮಳೆ ಕಡಿಮೆ, ಬಿಸಿಲು ಧಾರಾಳ, ಕಣ್ಣು ಹಾಯುವಷ್ಟೂ ಹುಲ್ಲುಗಾವಲು. ಹಿಂದೆ ಅಮೃತಮಹಲ್ ದನಗಳಿಗೆಂದು ಕಾಯ್ದಿರಿಸಿದ್ದ ಈ ಕಾವಲಿನಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 1,500 ಎಕರೆಯಲ್ಲಿ ತನ್ನ ಎರಡನೆಯ ಆವರಣವನ್ನು ಮಾಡಿಕೊಂಡಿದೆ. 1909ರಲ್ಲಿ ಸ್ಥಾಪನೆಯಾಗಿ, 1958ರಲ್ಲಿ ವಿಶ್ವವಿದ್ಯಾನಿಲಯದ ಸ್ಥಾನ ಪಡೆದ ಸಂಸ್ಥೆ ಅದು. ಈ ಕಾವಲು ಭೂಮಿಯನ್ನು ಬೇರೆ ಬೇರೆ ಸಂಸ್ಥೆಗಳಿಗೆ ಕೊಟ್ಟಾಗ ದನ-ಕುರಿ ಮೇಯಿಸುತ್ತಿದ್ದ ಊರವರು ಹುಲ್ಲಿಗಾಗಿ ದನಿಯೆತ್ತಿದರು. ಆ ತಕರಾರು ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ಅದು ಬೇರೆಯೇ ಒಂದು ಕಥೆ.

ಕುದಾಪುರದ ಆವರಣದಲ್ಲಿ ಪ್ರೌಢಶಾಲೆ, ಪದವಿಪೂರ್ವ ಕಾಲೇಜುಗಳ ವಿಜ್ಞಾನ ಮತ್ತು ಗಣಿತದ ಅಧ್ಯಾಪಕ-ಅಧ್ಯಾಪಕಿಯರಿಗೆ ತರಬೇತಿ ಕೊಡುವ ಪ್ರತಿಭಾ ವಿಕಾಸ ಕೇಂದ್ರವಿದೆ. ಊರಿಂದ ಬಂದು, ಅಲ್ಲೇ ಉಳಿದು, ತಾವೇ ಕೈಯಾರೆ ಪ್ರಯೋಗ ಮಾಡಿ ಕಲಿತು ಹೋಗುತ್ತಾರೆ.

ಇಂಥ ಯಾವುದೇ ಆವರಣವನ್ನು ಕಂಡಾಗ ನಮಗೆ ನೆನಪಾಗುವುದು ಪ್ರೊಫೆಸರುಗಳು, ಪ್ರಯೋಗಾಲಯಗಳು. ಆದರೆ ಒಂದು ವಿಶ್ವವಿದ್ಯಾನಿಲಯ ನಡೆಯಬೇಕಾದರೆ ಗುಮಾಸ್ತರು ಬೇಕು, ಗ್ರಂಥಪಾಲಕಿ ಬೇಕು, ಪ್ರಯೋಗಾಲಯ ಸಹಾಯಕರು, ಅಡುಗೆಯವರು, ತೋಟದವರು, ಕಸ ಗುಡಿಸುವವರು, ಕಾವಲುಗಾರರು ಎಲ್ಲರೂ ಬೇಕು. ಈ ಎಲ್ಲರ ಸಂಬಳ, ರಜೆ, ಔಷಧದ ಖರ್ಚು, ವಸತಿ, ಪಿಂಚಣಿ ನೋಡಿಕೊಳ್ಳಲು ಆಡಳಿತ ವಿಭಾಗ ಎಂಬುದೊಂದಿರುತ್ತದೆ. ಕುದಾಪುರದಂಥ ಕಡೆ ಮುಖ್ಯ ಕಚೇರಿಯಿರುವ ಬೆಂಗಳೂರು ಇನ್ನೂರು ಕಿಲೋಮೀಟರಿಗೂ ಆಚೆ. ಒಂದು ಕಾಗದ ಹುಡುಕಿಕೊಂಡು ಬೆಳಿಗ್ಗೆ ಹೋಗಿ ಮಧ್ಯಾಹ್ನದ ಊಟಕ್ಕೆ ವಾಪಸು ಬರುವ ದೂರವಲ್ಲ ಅದು. ಜಿಲ್ಲಾ ಕೇಂದ್ರದಿಂದ ದೂರದ ಕಾಲೇಜು, ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರ, ಎಲ್ಲ ಕಡೆಯೂ ಇದೇ ಪಾಡು. ಆದ್ದರಿಂದಲೇ ದೂರದಲ್ಲಿ ಕೆಲಸ ಮಾಡುವವರು ತಮ್ಮ ಕಾಗದಪತ್ರಗಳ ವಿಚಾರದಲ್ಲಿ ಇನ್ನಷ್ಟು ಎಚ್ಚರವಾಗಿರಬೇಕು.

ನಮ್ಮ ಅತ್ತಿಗೆಯ ಕಥೆ

ಇದನ್ನೆಲ್ಲ ನಾನು ಪುಸ್ತಕ ಓದಿ ಕಲಿತದ್ದಲ್ಲ. ನಮ್ಮ ನೆಂಟರಲ್ಲೇ ಒಬ್ಬ ಅತ್ತಿಗೆ ಇದ್ದಾರೆ. ಅಣ್ಣ ಒಂದು ವಿದ್ಯಾಸಂಸ್ಥೆಯಲ್ಲಿ ಪ್ರಯೋಗಾಲಯ ಸಹಾಯಕರು. ತುಂಬಾ ಅಚ್ಚುಕಟ್ಟಿನ ಮನುಷ್ಯ. ಚಪ್ಪಲಿಯನ್ನು ಕೂಡ ಜೋಡಿಸಿಡುವವರು. ಐವತ್ತು ದಾಟಿದ ವರ್ಷವೇ, ಒಂದು ಸಂಜೆ ಎದೆನೋವು ಎಂದು ಕೂತವರು ಮತ್ತೆ ಏಳಲಿಲ್ಲ.

ಕರ್ಮಗಳೆಲ್ಲ ಮುಗಿದ ಮೇಲೆ ಅತ್ತಿಗೆಯ ಜೊತೆ ಕಚೇರಿಗೆ ಹೋದವಳು ನಾನು. ವಯಸ್ಸಾದ ಗುಮಾಸ್ತರು ಎದ್ದು ಕುರ್ಚಿ ಕೊಟ್ಟರು, ಕಾಫಿ ತರಿಸಿದರು. ಆಮೇಲೆ ಕಡತ ತೆರೆದು ಬಹಳ ಹೊತ್ತು ಸುಮ್ಮನೆ ನೋಡುತ್ತಾ ಕೂತರು.

"ನೋಡಿ ತಾಯಿ, ಇಲ್ಲಿರೋದು ಯಜಮಾನರ ತಾಯಿ ಹೆಸರು. ಅವರು ಇದ್ದಾರಾ?"

"ಅತ್ತೆ ಹೋಗಿ ಒಂಬತ್ತು ವರ್ಷ ಆಯ್ತಲ್ಲಾ ಸ್ವಾಮಿ."

"ಕೆಲಸಕ್ಕೆ ಸೇರಿದ ದಿವಸ ಬರೆದುಕೊಟ್ಟಿದ್ದು ಇದು. ಆಗಿನ್ನೂ ಮದುವೆಯಾಗಿರಲಿಲ್ಲ ಅಂತ ಕಾಣುತ್ತೆ. ಆಮೇಲೆ ಬದಲಾಯಿಸಿಲ್ಲ. ನಿಮ್ಮ ಹೆಸರು ಎಲ್ಲೂ ಇಲ್ಲವಲ್ಲಮ್ಮಾ."

ಇಪ್ಪತ್ತೆರಡು ವರ್ಷದ ಸಂಸಾರ, ಎರಡು ಮಕ್ಕಳು. "ನಿಮ್ಮ ಹೆಸರು ಎಲ್ಲೂ ಇಲ್ಲ" ಎಂಬ ಆ ಮಾತಿಗೆ ಅತ್ತಿಗೆ ಅತ್ತಷ್ಟು ಅಣ್ಣ ಹೋದ ದಿನವೂ ಅತ್ತಿರಲಿಲ್ಲ.

ಹಣ ಬರಲಿಲ್ಲವೆಂದಲ್ಲ, ಬಂತು. ಆದರೆ ವಂಶವೃಕ್ಷ, ಅಫಿಡವಿಟ್ಟು, ಮದುವೆಯ ದಾಖಲೆ, ಹೆಸರಿನಲ್ಲಿದ್ದ ಒಂದು ಅಕ್ಷರದ ವ್ಯತ್ಯಾಸ ಸರಿಪಡಿಸುವುದು, ಹೀಗೆ ಹದಿನಾಲ್ಕು ತಿಂಗಳು ಅಲೆದದ್ದಾಯಿತು. ಅಷ್ಟರಲ್ಲಿ ದೊಡ್ಡ ಹುಡುಗಿಯ ಕಾಲೇಜು ಫೀಜಿಗೆ ಅತ್ತಿಗೆಯ ಎರಡು ಬಳೆ ಅಡವಿಗೆ ಹೋಗಿದ್ದವು. ಯಾರದು ತಪ್ಪು? ಗುಮಾಸ್ತರದಲ್ಲ. ಅಣ್ಣನಿಗೂ ಹೆಂಡತಿಯ ಮೇಲೆ ಪ್ರೀತಿ ಕಡಿಮೆಯಿತ್ತೆಂದಲ್ಲ. ಅವರಿಗೆ ನೆನಪಾಗಲಿಲ್ಲ, ಇವರು ಕೇಳಲಿಲ್ಲ, ಅಷ್ಟೇ. ಕಾಲು ಗಂಟೆಯಲ್ಲಿ ಒಂದು ಅರ್ಜಿ ತುಂಬಿಕೊಟ್ಟಿದ್ದರೆ ಮುಗಿದುಹೋಗುತ್ತಿತ್ತು.

ಸೇವಾ ಪುಸ್ತಕ ಎಂದರೇನು?

ಕಾಯಂ ನೌಕರರಿಗೆ ಕೆಲಸಕ್ಕೆ ಸೇರಿದ ದಿನದಿಂದ ಒಂದು ಸೇವಾ ಪುಸ್ತಕ ತೆರೆಯುತ್ತಾರೆ. ನೌಕರರ ಮಟ್ಟಿಗೆ ಅದೇ ಜಾತಕ ಎನ್ನಿ. ಹುಟ್ಟಿದ ತಾರೀಖು, ಸೇರಿದ ದಿನ, ವೇತನ ಬಡ್ತಿ, ಪದೋನ್ನತಿ, ರಜೆಯ ಲೆಕ್ಕ, ಕುಟುಂಬದ ವಿವರ, ನಾಮನಿರ್ದೇಶನ, ಎಲ್ಲವೂ ಅದರಲ್ಲೇ. ಈಗ ಬಹಳ ಕಡೆ ಇದು ಗಣಕಯಂತ್ರದೊಳಗೆ ಹೋಗಿದೆ. ರಾಜ್ಯ ಸರ್ಕಾರದ ನೌಕರರ ಸಂಬಳದ ಲೆಕ್ಕ ಎಚ್‌ಆರ್‌ಎಂಎಸ್ ಎಂಬ ವ್ಯವಸ್ಥೆಯಲ್ಲಿದೆ. ದೇಶದ ಅನೇಕ ವಿಶ್ವವಿದ್ಯಾನಿಲಯಗಳು "ಸಮರ್ಥ್" ಎಂಬ ಜಾಲತಾಣದಲ್ಲಿ ರಜೆ, ವೇತನಗಳ ಕೆಲಸ ನಡೆಸುತ್ತಿವೆ. ಪುಸ್ತಕವಾಗಲಿ, ಪರದೆಯಾಗಲಿ, ಬರೆದಿರುವುದು ಸರಿಯಿದೆಯೇ ಎಂದು ನೋಡಬೇಕಾದವರು ನಾವೇ.

ಕೇಂದ್ರ ಸರ್ಕಾರದ ನಿಯಮದಲ್ಲಂತೂ ವರ್ಷಕ್ಕೊಮ್ಮೆ ಸೇವಾ ಪುಸ್ತಕವನ್ನು ನೌಕರರಿಗೆ ತೋರಿಸಿ ಸಹಿ ಪಡೆಯಬೇಕು ಎಂದೇ ಇದೆ. ಯಾರೂ ತೋರಿಸಲಿಲ್ಲವೇ? "ನನ್ನ ಸೇವಾ ಪುಸ್ತಕ ನೋಡಬೇಕಾಗಿದೆ" ಎಂದು ಎರಡು ಸಾಲು ಬರೆದುಕೊಡಿ. ಸಂಕೋಚ ಬೇಡ. ನಿಮ್ಮ ಜಾತಕವನ್ನು ನೀವು ಕೇಳುವುದರಲ್ಲಿ ತಪ್ಪೇನಿದೆ?

ಹೆಣ್ಣುಮಕ್ಕಳಿಗೆ ಇಲ್ಲೊಂದು ವಿಶೇಷ ತೊಡಕುಂಟು. ಕೆಲಸಕ್ಕೆ ಸೇರಿದಾಗ ಹೆಸರಿನ ಹಿಂದೆ ತಂದೆಯ ಇನಿಷಿಯಲ್, ಮದುವೆಯಾದ ಮೇಲೆ ಬ್ಯಾಂಕಿನಲ್ಲಿ ಗಂಡನ ಇನಿಷಿಯಲ್, ಆಧಾರ್ ಚೀಟಿಯಲ್ಲಿ ಇನ್ನೊಂದು ಬಗೆ! ಒಬ್ಬಳೇ ಹೆಂಗಸು ಮೂರು ಕಡೆ ಮೂರು ಜನ ಆಗಿಬಿಡುತ್ತಾಳೆ. ನಿವೃತ್ತಿಯ ವೇಳೆಗೆ ಇದನ್ನು ಸರಿಪಡಿಸಹೊರಟರೆ ಸಾಕುಸಾಕಾಗುತ್ತದೆ. ಈಗಲೇ ಎಲ್ಲ ಕಡೆ ಒಂದೇ ಹೆಸರು ಇಟ್ಟುಕೊಳ್ಳಿ.

ನಾಮನಿರ್ದೇಶನ ಒಂದೇ ಕಡೆ ಬರೆದರೆ ಸಾಲದು ಎಂಬುದು ನೆನಪಿರಲಿ. ಭವಿಷ್ಯನಿಧಿಗೆ ಬೇರೆ, ಉಪದಾನಕ್ಕೆ ಬೇರೆ (ಗ್ರಾಚ್ಯುಟಿ ಅನ್ನುತ್ತಾರಲ್ಲ, ಅದು), ಗುಂಪು ವಿಮೆಗೆ ಬೇರೆ, ಬ್ಯಾಂಕಿನ ಖಾತೆಗೆ ಬೇರೆ. ಮದುವೆಗೆ ಮುಂಚೆ ಬರೆದದ್ದನ್ನು ಮದುವೆಯಾದ ಮೇಲೆ ಹೊಸದಾಗಿ ಬರೆದುಕೊಡಬೇಕು. ಕೇಂದ್ರದಲ್ಲಿ 2004ರ ಜನವರಿ 1ರ ನಂತರ, ನಮ್ಮ ರಾಜ್ಯದಲ್ಲಿ 2006ರ ಏಪ್ರಿಲ್ 1ರ ನಂತರ ಕೆಲಸಕ್ಕೆ ಸೇರಿದವರಿಗೆ ಹೊಸ ಪಿಂಚಣಿ ಯೋಜನೆ ಬಂತು. ಅದರ ಖಾತೆಗೂ ಪ್ರತ್ಯೇಕ ನಾಮನಿರ್ದೇಶನ ಬೇಕು. ಕೇಂದ್ರದ ನಿಯಮದಡಿ ಬರುವವರು, ಸೇವೆಯಲ್ಲಿರುವಾಗಲೇ ಏನಾದರೂ ಆದರೆ ಕುಟುಂಬಕ್ಕೆ ಯಾವ ಬಗೆಯ ಪಿಂಚಣಿ ಬೇಕು ಎಂಬ ಆಯ್ಕೆಯನ್ನು ಕೂಡ ಮೊದಲೇ ಬರೆದುಕೊಡಬೇಕಾಗುತ್ತದೆ. ಅಪಶಕುನದ ಮಾತು ಎಂದು ಮುಂದೂಡಬೇಡಿ. ಮನೆಗೆ ಬೀಗ ಹಾಕುವುದು ಕಳ್ಳ ಬರಲಿ ಅಂತಲೇ?

ತಾಯಿಯಾಗುವವರಿಗೆ

1961ರ ಹೆರಿಗೆ ಸೌಲಭ್ಯ ಕಾಯಿದೆಗೆ 2017ರಲ್ಲಿ ತಿದ್ದುಪಡಿ ತಂದು, ಮೊದಲ ಎರಡು ಹೆರಿಗೆಗೆ ಸಂಬಳ ಸಹಿತ ರಜೆಯನ್ನು 26 ವಾರಕ್ಕೆ ಏರಿಸಿದರು. ಹೆರಿಗೆಗೆ ಮುಂಚೆ ಇದರಲ್ಲಿ 8 ವಾರದವರೆಗೆ ತೆಗೆದುಕೊಳ್ಳಬಹುದು. ಹೆರಿಗೆಯ ನಿರೀಕ್ಷಿತ ದಿನಕ್ಕೆ ಹಿಂದಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿರಬೇಕು ಎಂಬುದು ಷರತ್ತು. 50 ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವಲ್ಲಿ ಶಿಶುವಿಹಾರ ಬೇಕೆಂದೂ, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಿ ಬರಬಹುದೆಂದೂ ಆಗಲೇ ಸೇರಿತು. ಈ ಹಳೆಯ ಕಾಯಿದೆಗಳನ್ನೆಲ್ಲ ಈಗ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿಸಿದ್ದಾರೆ. ಅದು 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. 26 ವಾರದ ಹಕ್ಕು ಹಾಗೆಯೇ ಉಳಿದಿದೆ.

ಕೇಂದ್ರ ಸರ್ಕಾರದ ನಿಯಮ ಅನುಸರಿಸುವ ಕಡೆ ಹೆರಿಗೆ ರಜೆ 180 ದಿನ. ಅದಲ್ಲದೆ, ಇಡೀ ಸೇವಾವಧಿಯಲ್ಲಿ 730 ದಿನದ ಶಿಶುಪಾಲನಾ ರಜೆ ಉಂಟು. ಮಕ್ಕಳು 18 ವರ್ಷ ತುಂಬುವ ತನಕ, ಇಬ್ಬರು ಹಿರಿಯ ಮಕ್ಕಳಿಗಾಗಿ ಇದನ್ನು ಬಳಸಬಹುದು. ಎಳೆಗೂಸಿಗೆ ಮಾತ್ರ ಎಂದುಕೊಳ್ಳಬೇಡಿ, ಮಗಳ ಎಸ್.ಎಸ್.ಎಲ್.ಸಿ. ಪರೀಕ್ಷೆಗೂ, ಮಗನಿಗೆ ಟೈಫಾಯ್ಡ್ ಬಂದಾಗಲೂ ಆಗುತ್ತದೆ. ಮೊದಲ 365 ದಿನಕ್ಕೆ ಪೂರ್ಣ ಸಂಬಳ, ಮುಂದಿನ 365 ದಿನಕ್ಕೆ ನೂರಕ್ಕೆ ಎಂಬತ್ತು. ಒಂಟಿ ತಂದೆಗೂ ಈ ಸೌಲಭ್ಯ 2018ರಿಂದ ಸಿಕ್ಕಿದೆ. ನಮ್ಮ ರಾಜ್ಯ ಸರ್ಕಾರವೂ ತನ್ನ ಮಹಿಳಾ ನೌಕರರಿಗೆ ಆರು ತಿಂಗಳ ಶಿಶುಪಾಲನಾ ರಜೆಯನ್ನು 2021ರಲ್ಲಿ ಕೊಟ್ಟಿತು. ನಿಮ್ಮ ವಿಶ್ವವಿದ್ಯಾನಿಲಯ ಯಾವ ನಿಯಮ ಅನುಸರಿಸುತ್ತದೆ ಎಂಬುದನ್ನು ಸಿಬ್ಬಂದಿ ವಿಭಾಗದಲ್ಲಿ ಕೇಳಿ ತಿಳಿದುಕೊಳ್ಳಿ. ಈ ರಜೆಗೆ ಮುಂಚಿತ ಮಂಜೂರಾತಿ ಬೇಕು. ಹೇಳದೆ ಕೇಳದೆ ಮನೆಯಲ್ಲಿ ಕೂತು, ಆಮೇಲೆ ಅರ್ಜಿ ಕಳಿಸಿದರೆ ಕಷ್ಟ.

ಗುತ್ತಿಗೆಯಲ್ಲಿ ದುಡಿಯುವ ಅಕ್ಕಂದಿರಿಗೆ

"ಇದೆಲ್ಲಾ ಕಾಯಂ ಆದೋರಿಗೆ ಕಣಮ್ಮಾ, ನಮ್ಮಂಥೋರಿಗೆಲ್ಲಿ?" ಎಂದು ಕಸಬರಿಗೆ ಹಿಡಿದ ಅಕ್ಕ ಕೇಳಬಹುದು. ನಿಮಗೂ ಉಂಟಕ್ಕಾ.

ದೆಹಲಿ ನಗರಪಾಲಿಕೆಯಲ್ಲಿ ದಿನಗೂಲಿ ಮಾಡುತ್ತಿದ್ದ ಹೆಂಗಸರು ಹೆರಿಗೆ ರಜೆಗಾಗಿ ಹೋರಾಡಿದರು. 2000ದಲ್ಲಿ ಸುಪ್ರೀಂ ಕೋರ್ಟು, ದಿನಗೂಲಿಯ ತಾಯಿಗೂ ಹೆರಿಗೆಯ ಸೌಲಭ್ಯ ಕೊಡಲೇಬೇಕು ಎಂದು ತೀರ್ಪಿತ್ತಿತು. ಬಸುರಿಗೆ ಕಾಯಂ ಬಸುರಿ, ಗುತ್ತಿಗೆ ಬಸುರಿ ಎಂದು ಭೇದವುಂಟೇ?

ನಿಮ್ಮ ಸಂಬಳದಲ್ಲಿ ಪಿ.ಎಫ್. ಎಂದು ಹಿಡಿಯುತ್ತಿದ್ದರೆ ನಿಮಗೆ 12 ಅಂಕಿಯ ಯು.ಎ.ಎನ್. ಎಂಬ ಸಂಖ್ಯೆ ಇರಲೇಬೇಕು. ಗುತ್ತಿಗೆದಾರ ಬದಲಾದರೂ ಆ ಸಂಖ್ಯೆ ಬದಲಾಗುವುದಿಲ್ಲ. ಅದನ್ನು ಬರೆಸಿಕೊಳ್ಳಿ, ಓದುಬರಹ ಬಲ್ಲ ಮಗಳೋ ಮಗನೋ ಇದ್ದರೆ ಅವರ ಫೋನಿನಲ್ಲೇ ಪಾಸ್‌ಬುಕ್ ತೆಗೆಸಿ, ಪ್ರತಿ ತಿಂಗಳೂ ಹಣ ಬಿದ್ದಿದೆಯೇ ಎಂದು ನೋಡಿ. ಹಿಡಿದ ಹಣ ಖಾತೆಗೆ ಬಂದಿರದಿದ್ದರೆ ಮೂರು ವರ್ಷ ಬಿಟ್ಟು ಕೇಳುವುದಲ್ಲ, ಮೂರನೆಯ ತಿಂಗಳಲ್ಲೇ ಕೇಳಬೇಕು. ಪಿ.ಎಫ್. ಸದಸ್ಯರಿಗೆ ಅದರ ಜೊತೆಗೇ ಒಂದು ಜೀವವಿಮೆಯೂ ಇದೆ. ಕೆಲಸದಲ್ಲಿರುವಾಗ ತೀರಿಕೊಂಡರೆ ಮನೆಯವರಿಗೆ 7 ಲಕ್ಷ ರೂಪಾಯಿವರೆಗೆ ಸಿಗಬಹುದು. ಬಹಳ ಮನೆಗಳಲ್ಲಿ ಇದು ಗೊತ್ತೇ ಇರುವುದಿಲ್ಲ!

ಹಾಗೆಯೇ ಇ.ಎಸ್.ಐ. 2019ರ ಜುಲೈನಲ್ಲಿ ನಿಗದಿಯಾದ ಪ್ರಕಾರ ನಿಮ್ಮ ಸಂಬಳದಿಂದ ನೂರಕ್ಕೆ ಮುಕ್ಕಾಲು ರೂಪಾಯಿ, ಮಾಲೀಕರಿಂದ ಮೂರೂಕಾಲು ರೂಪಾಯಿ. ಅದರ ಬದಲಿಗೆ ನಿಮಗೂ ಮನೆಯವರಿಗೂ ಚಿಕಿತ್ಸೆ, ನಿಮಗೆ 26 ವಾರದ ಹೆರಿಗೆ ಭತ್ಯೆ. ಕಾರ್ಡು ಗುತ್ತಿಗೆದಾರರ ಮೇಜಿನಲ್ಲಿದ್ದರೆ ಜ್ವರ ಬಂದ ರಾತ್ರಿ ಏನು ಪ್ರಯೋಜನ? ನಿಮ್ಮ ಕೈಗೆ ತೆಗೆದುಕೊಳ್ಳಿ.

ಬಾಯಿಬಿಟ್ಟು ಹೇಳಲಾಗದ ಮಾತು

ಇನ್ನೊಂದು ವಿಷಯವನ್ನು ಮೆಲ್ಲಗೆ ಹೇಳುತ್ತೇನೆ. ಕೆಲಸದ ಜಾಗದಲ್ಲಿ ಯಾರಾದರೂ ಅಸಭ್ಯವಾಗಿ ವರ್ತಿಸಿದರೆ, ಎರಡರ್ಥದ ಮಾತು, ಬೇಡದ ಸ್ಪರ್ಶ, ಹೊತ್ತಲ್ಲದ ಹೊತ್ತಿನ ಫೋನು, ಏನೇ ಆಗಲಿ, ಅದನ್ನು ನುಂಗಿಕೊಂಡು ಇರಬೇಕಾಗಿಲ್ಲ. 1997ರಲ್ಲಿ ಸುಪ್ರೀಂ ಕೋರ್ಟು ವಿಶಾಖಾ ಪ್ರಕರಣದಲ್ಲಿ ದಾರಿ ತೋರಿಸಿತು. 2013ರಲ್ಲಿ ಕಾಯಿದೆಯೇ ಬಂತು. ಹತ್ತು ಜನ ಅಥವಾ ಹೆಚ್ಚು ಜನ ಕೆಲಸ ಮಾಡುವ ಪ್ರತಿ ಕಡೆಯೂ ಆಂತರಿಕ ಸಮಿತಿ ಇರಬೇಕು. ಅಧ್ಯಕ್ಷತೆ ಹಿರಿಯ ಮಹಿಳೆಯದು, ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಸದಸ್ಯರು ಮಹಿಳೆಯರು, ಒಬ್ಬರು ಹೊರಗಿನವರು. ಸಂಸ್ಥೆಯ ಕಚೇರಿಗಳು ಬೇರೆ ಬೇರೆ ಊರಲ್ಲಿದ್ದರೆ ಪ್ರತಿ ಕಚೇರಿಗೂ ಸಮಿತಿ ಬೇಕೆಂದು ಕಾಯಿದೆ ಹೇಳುತ್ತದೆ. ಕುದಾಪುರದಂಥ ದೂರದ ಜಾಗಗಳಲ್ಲಿ ದುಡಿಯುವವರು ಗಮನಿಸಬೇಕಾದ ಮಾತಿದು. ಗುತ್ತಿಗೆಯವರೂ ದೂರು ಕೊಡಬಹುದು.

ಘಟನೆ ನಡೆದ ಮೂರು ತಿಂಗಳೊಳಗೆ ದೂರು ಬರೆದುಕೊಡಬೇಕು. ತಕ್ಕ ಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ಕಾಲ ಕೊಡಬಹುದು. ಬರೆಯಲು ಬಾರದಿದ್ದರೆ ಬರೆಯಲು ನೆರವಾಗುವುದು ಸಮಿತಿಯವರ ಕರ್ತವ್ಯ. ವಿಚಾರಣೆ 90 ದಿನದೊಳಗೆ ಮುಗಿಯಬೇಕು. ನಿಮಗೆ ಇಂದು ಅಗತ್ಯವಿಲ್ಲದಿರಬಹುದು. ಆದರೂ ಸಮಿತಿಯ ಸದಸ್ಯರ ಹೆಸರನ್ನು ಬರೆದಿಟ್ಟುಕೊಂಡಿರಿ. ನಿಮ್ಮ ಪಕ್ಕದ ಮೇಜಿನ ಹುಡುಗಿಗೆ ಬೇಕಾದೀತು.

ಕೇಳುವ ಬಗೆ

ಕಚೇರಿಯಲ್ಲಿ ಕೆಲಸವಾಗುವುದು ಬಾಯಿಮಾತಿಗಲ್ಲ, ಕಾಗದಕ್ಕೆ. "ಹೇಳಿದ್ದೀನಿ, ಮಾಡ್ತೀನಿ ಅಂದಿದ್ದಾರೆ" ಎಂಬುದು ಲೆಕ್ಕಕ್ಕೆ ಬಾರದು. ಅರ್ಜಿಯನ್ನು ಎರಡು ಪ್ರತಿ ಮಾಡಿ. ಒಂದನ್ನು ಕೊಟ್ಟು ಇನ್ನೊಂದರ ಮೇಲೆ ತಾರೀಖು, ಮೊಹರು, ಸಹಿ ಹಾಕಿಸಿಕೊಳ್ಳಿ. ಗಣಕಯಂತ್ರದಲ್ಲಿ ಹಾಕಿದ್ದಾದರೆ ಬಂದ ಸಂಖ್ಯೆಯನ್ನು ಬರೆದಿಡಿ. ಉತ್ತರ ಬರದಿದ್ದರೆ ಅದೇ ಸಂಖ್ಯೆ ಹೇಳಿ ನೆನಪೋಲೆ ಕಳಿಸಿ. ಆಗುವುದಿಲ್ಲ ಎಂದರೆ ಜಗಳಾಡಬೇಡಿ. "ಹಿಂಬರಹ ಕೊಡಿ ಸಾರ್" ಎನ್ನಿ. ಏಕೆ ಆಗುವುದಿಲ್ಲ ಎಂದು ಬರೆದುಕೊಡಬೇಕಾಗಿ ಬಂದಾಗ ಎಷ್ಟೋ ಕೆಲಸ ಆಗಿಬಿಡುತ್ತದೆ! ಅದಕ್ಕೂ ಬಗ್ಗದಿದ್ದರೆ, ಸರ್ಕಾರದ ಹಣದಿಂದ ನಡೆಯುವ ಸಂಸ್ಥೆಗಳಲ್ಲಿ 2005ರ ಮಾಹಿತಿ ಹಕ್ಕು ಕಾಯಿದೆಯಡಿ 10 ರೂಪಾಯಿ ಶುಲ್ಕಕ್ಕೆ ನಿಮ್ಮದೇ ಕಡತದ ಪ್ರತಿ ಕೇಳಬಹುದು. 30 ದಿನದೊಳಗೆ ಉತ್ತರ ಬರಬೇಕು.

ಕೇಳಿದ್ದರಿಂದ ಏನಾಗುತ್ತದೆ ಎನ್ನುವಿರಾ? ಕುದಾಪುರದ ಆವರಣ ಯಾವ ಸಂಸ್ಥೆಯದೋ ಅದೇ ಸಂಸ್ಥೆಯ ಬೆಂಗಳೂರಿನ ಬಾಗಿಲಿಗೆ 1933ರಲ್ಲಿ ಕಮಲಾ ಭಾಗವತ್ ಎಂಬ ಹುಡುಗಿ ಬಂದು ನಿಂತಳು. ಹೆಣ್ಣು ಎಂಬ ಕಾರಣಕ್ಕೆ ಆಗ ನಿರ್ದೇಶಕರಾಗಿದ್ದ ಸರ್ ಸಿ.ವಿ. ರಾಮನ್ ಅವರು ಒಪ್ಪಲಿಲ್ಲ. ಅವಳು ಮನೆಗೆ ಹೋಗಿ ಅಳುತ್ತಾ ಕೂರಲಿಲ್ಲ, ಪಟ್ಟು ಹಿಡಿದು ಕೇಳಿದಳು. ಒಂದು ವರ್ಷ ಪರೀಕ್ಷಾರ್ಥ ಎಂಬ ಷರತ್ತಿನ ಮೇಲೆ ಬಾಗಿಲು ತೆರೆಯಿತು. ಮುಂದೆ ಕಮಲಾ ಸೊಹೊನಿ ಎಂದು ಹೆಸರಾಗಿ, 1939ರಲ್ಲಿ ಕೇಂಬ್ರಿಜ್‌ನಿಂದ ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದವರು ಅವರೇ. ಆಮೇಲೆ ಬಂದ ಹುಡುಗಿಯರಿಗೆ ಆ ಬಾಗಿಲು ಅಷ್ಟು ಭಾರವಾಗಿರಲಿಲ್ಲ.

ಈ ಭಾನುವಾರದ ಕೆಲಸ

ಹಬ್ಬಕ್ಕೆ ಮುಂಚೆ ಅಟ್ಟ ಗುಡಿಸುವ ಹಾಗೆ, ಈ ಭಾನುವಾರ ಒಂದು ಗಂಟೆ ಇದಕ್ಕೆ ಮೀಸಲಿಡಿ. ಒಂದು ತಗಡಿನ ಪೆಟ್ಟಿಗೆಯೋ, ಗಟ್ಟಿ ಚೀಲವೋ ಸಾಕು. ಅದರಲ್ಲಿ ಇವಿಷ್ಟು ಇರಲಿ:

— ನೇಮಕಾತಿ ಆದೇಶ, ಪದೋನ್ನತಿಯ ಆದೇಶಗಳ ಪ್ರತಿ.
— ಪಿ.ಎಫ್., ಪಿಂಚಣಿ, ಇ.ಎಸ್.ಐ. ಸಂಖ್ಯೆಗಳು, ದಪ್ಪ ಅಕ್ಷರದಲ್ಲಿ.
— ಎಲ್ಲ ನಾಮನಿರ್ದೇಶನಗಳ ಪ್ರತಿ.
— ಮದುವೆಯ ನೋಂದಣಿ ಪತ್ರ, ಮಕ್ಕಳ ಜನನ ಪತ್ರ.
— ಇತ್ತೀಚಿನ ಮೂರು ತಿಂಗಳ ಸಂಬಳದ ಚೀಟಿ.
— ಕಚೇರಿಯಲ್ಲಿ ಯಾರನ್ನು ಕೇಳಬೇಕು ಎಂಬ ಒಂದು ಪುಟ: ಸಿಬ್ಬಂದಿ ವಿಭಾಗ, ಲೆಕ್ಕ ವಿಭಾಗ, ಆರೋಗ್ಯ ಕೇಂದ್ರ, ಆಂತರಿಕ ಸಮಿತಿ.

ಗಂಡ ಹೆಂಡತಿ ಇಬ್ಬರೂ ಕೂತು ನೋಡಿ. ಅವರು ದುಡಿಯುವವರಾದರೆ ನೀವು ತಿಳಿದುಕೊಳ್ಳಿ, ನೀವು ದುಡಿಯುವವರಾದರೆ ಅವರಿಗೂ ತಿಳಿಸಿ. ಹದಿನೆಂಟು ತುಂಬಿದ ಮಕ್ಕಳಿಗೂ ಪೆಟ್ಟಿಗೆ ಎಲ್ಲಿದೆ ಎಂಬುದು ಗೊತ್ತಿರಲಿ.

ನಮ್ಮ ಅತ್ತಿಗೆಗೆ ಕೊನೆಗೆ ಅಣ್ಣನ ಜಾಗದಲ್ಲಿ ಅನುಕಂಪದ ಮೇಲೆ ಸಣ್ಣದೊಂದು ಕೆಲಸವೂ ಸಿಕ್ಕಿತು. ಕೆಲಸಕ್ಕೆ ಸೇರಿದ ದಿನ ಅದೇ ಗುಮಾಸ್ತರು ಅರ್ಜಿಗಳ ಕಟ್ಟನ್ನು ಮುಂದಿಟ್ಟು, "ನಿಧಾನವಾಗಿ ಮನೆಗೆ ಹೋಗಿ ತುಂಬ್ಕೊಂಡು ಬನ್ನಿ ತಾಯಿ" ಎಂದರಂತೆ. ಅತ್ತಿಗೆ ಸೆರಗು ಸೊಂಟಕ್ಕೆ ಸಿಕ್ಕಿಸಿ, "ಬೇಡ ಸ್ವಾಮಿ, ಪೆನ್ನು ಕೊಡಿ. ನನ್ನ ಇಬ್ಬರು ಮಕ್ಕಳ ಹೆಸರು ಬರೆದೇ ಎದ್ದೇಳ್ತೀನಿ" ಎಂದರಂತೆ.

ನಿಮ್ಮ ಮನೆಯಲ್ಲಿ ಆ ಪೆನ್ನು ಇಂದೇ ಹೊರಗೆ ಬರಲಿ.